ಒಡಲು ತೆರೆದ ಆನೆ

ವತ್ಸದೇಶದ ಅರಸನಾದ ಉದಯನನು ವೀಣಾನಾದದಿಂದಲೇ ಕಾಡಾನೆಗಳನ್ನು ಒಲಿಸಿಕೊಳ್ಳಬಲ್ಲವನೆಂದು ಕೇಳಿದ ಉಜ್ಜಯಿನಿಯ ಪ್ರದ್ಯೋತನು, ಆ ಬಲ್ಮೆಯನ್ನೇ ಅವನಿಗೆ ಉರುಲಾಗಿಸಬೇಕೆಂದು ಬಗೆದು, ಕೃತಕವಾದ ಒಂದು ಆನೆಯನ್ನು ಮಾಡಿಸಿ, ಅದರ ಒಡಲಿನಲ್ಲಿ ಆಯುಧಪಾಣಿಗಳಾದ ಯೋಧರನ್ನು ಅಡಗಿಸಿ ಕಾಡಿನಲ್ಲಿ ನಿಲ್ಲಿಸಿದನೆಂಬುದೂ, ವೀಣೆ ಹಿಡಿದು ಅದನ್ನು ಅರಸಿ ಬಂದ ಉದಯನನು ಸೆರೆಸಿಕ್ಕಿದನೆಂಬುದೂ ಕಥಾಸರಿತ್ಸಾಗರವನ್ನು ಓದಿದವರಿಗೆ ಚಿರಪರಿಚಿತವಾದ ವೃತ್ತಾಂತ. ಭಾಸನ ಪ್ರತಿಜ್ಞಾಯೌಗಂಧರಾಯಣಕ್ಕೂ ಈ ಆನೆಯೇ ಬೀಜ. ಧಾರಾನಗರದ ಭೋಜರಾಜನ ಕೃತಿಯೆನ್ನಲಾದ ಸಮರಾಂಗಣಸೂತ್ರಧಾರದಲ್ಲಿ ಯಂತ್ರವಿಧಾನಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಆದರೆ ಯಂತ್ರಗಳ ಜೋಡಣೆಯನ್ನು ತಾನು ವಿವರಿಸದೆ ಬಿಟ್ಟಿರುವುದು ಅರಿಯದೆ ಅಲ್ಲ, ಗುಟ್ಟು ಉಳಿಯಲೆಂದೇ ಎಂದು ಗ್ರಂಥಕಾರನು ಅಲ್ಲಿ ಸ್ಪಷ್ಟವಾಗಿ ತಿಳಿಸಿಬಿಡುತ್ತಾನೆ. ಕೀಲು ಕಂಡರೆ ಕೌತುಕ ಕೆಟ್ಟಿತೆಂಬುದು ಆ ಕಾಲದ ಶಿಲ್ಪಿಗಳ ದೃಢವಾದ ನಂಬಿಕೆಯಾಗಿದ್ದಿರಬೇಕು.

ಹೀಗೆ ಕೃತಕಗಜವೆಂದೊಡನೆ ಅಡಗಿದ ಕತ್ತಿಯನ್ನೂ ಬಾಯ್ಬಿಡದ ಶಿಲ್ಪಿಯನ್ನೂ ನೆನೆಯುವ ನಾಡಿನವನು, ಫ್ರಾನ್ಸ್ ದೇಶದ ಪಶ್ಚಿಮದ ನಾಂತ್ ನಗರಕ್ಕೆ ಹೋಗಿ, ಅಲ್ಲಿಯ ಲ್ವಾರ್ ನದಿಯ ನಡುಗಡ್ಡೆಯ ಮೇಲೆ 12 ಮೀಟರು ಎತ್ತರದ ಮರದಾನೆಯೊಂದು ಹಗಲು ಬೆಳಕಿನಲ್ಲಿ ಜನರ ನಡುವೆ ನಡೆದುಬರುವುದನ್ನು ಕಂಡಾಗ, ಮೊದಲು ಹುಡುಕುವುದು ಆ ಅಡಗಿದ ವಸ್ತುವನ್ನೇ. ಅದು ಸಿಕ್ಕುವುದಿಲ್ಲ. ಪಕ್ಕೆಯ ಹಲಗೆಗಳ ಸಂದಿನಲ್ಲಿ ಉಕ್ಕಿನ ಪಂಜರ ಕಾಣುತ್ತದೆ. ಮೊಣಕಾಲಿನ ಬಳಿ ಎಣ್ಣೆಯ ಒತ್ತಡಕ್ಕೆ ಸಿಲಿಂಡರುಗಳು ನೀಳುವುದೂ ಕುಗ್ಗುವುದೂ ಕಾಣುತ್ತದೆ. ಹೊಟ್ಟೆಯೊಳಗೆ ನಿಂತ ಜನ ಕೆಳಗಿನವರಿಗೆ ಕೈಬೀಸುವುದು ಕಾಣುತ್ತದೆ. ನಡೆಸುವವರೂ ದಾರಿ ಬಿಡಿಸುವವರೂ ಯಾವ ಮರೆಯಲ್ಲಿಯೂ ಇಲ್ಲ. ಆದರೂ ಅದು ಕಿವಿಯಾಡಿಸಿ, ಸೊಂಡಿಲನ್ನೆತ್ತಿ ಘೀಳಿಟ್ಟು, ಎದುರಿಗಿದ್ದ ಮಕ್ಕಳ ಮೇಲೆ ನೀರು ಚಿಮ್ಮಿಸಿದ ಕ್ಷಣದಲ್ಲಿ, ಎಲ್ಲ ಕೀಲುಗಳನ್ನೂ ಎಣಿಸಿ ಮುಗಿಸಿದ್ದ ಕಣ್ಣೇ ಅದನ್ನು ಆನೆಯೆಂದು ಒಪ್ಪಿಬಿಡುತ್ತದೆ. ಏನನ್ನೂ ಮುಚ್ಚದೆ ಮರುಳುಮಾಡುವ ಈ ವಿದ್ಯೆ ಈ ಊರಿಗೆ ಹೇಗೆ ಬಂದಿತೆಂಬುದನ್ನು ಅರಿಯಬೇಕಾದರೆ ಆನೆಯನ್ನು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲಿಸಿ ನದಿಯ ಕಡೆಗೆ ತಿರುಗಬೇಕು.

ನಾಂತ್ ಸಮುದ್ರದಿಂದ ಸುಮಾರು 50 ಕಿಲೋಮೀಟರು ಒಳಗಿದ್ದರೂ ಶತಮಾನಗಳಿಂದ ಸಮುದ್ರವನ್ನೇ ನೆಚ್ಚಿ ಬದುಕಿದ ಊರು. ಲ್ವಾರ್ ನದಿ ಇಲ್ಲಿ ಹಲವು ಕವಲುಗಳಾಗಿ ಒಡೆದು ಸಣ್ಣಪುಟ್ಟ ದ್ವೀಪಗಳನ್ನು ಬಳಸಿಕೊಂಡು ಹರಿಯುತ್ತಿತ್ತು. ಅವುಗಳಲ್ಲಿ ಕೆಲವನ್ನು ಮಣ್ಣು ತುಂಬಿ ಒಂದುಗೂಡಿಸಿದುದರಿಂದ ಇಂದಿನ ಸುಮಾರು 337 ಹೆಕ್ಟೇರಿನ ನಡುಗಡ್ಡೆ ಉಂಟಾಯಿತು. ಹದಿನೆಂಟನೆಯ ಶತಮಾನದಲ್ಲಿ ಈ ಊರಿನ ವರ್ತಕರ ಸಿರಿ ಹೇಳತೀರದಷ್ಟು ಬೆಳೆಯಿತು, ಮತ್ತು ಆ ಸಿರಿಯ ಮೂಲದಲ್ಲಿ ನಮ್ಮ ದೇಶದ ಬಟ್ಟೆಯೂ ಒಂದು ಎಳೆಯಾಗಿತ್ತೆಂಬುದನ್ನು ನಾವು ಮರೆಯತಕ್ಕುದಲ್ಲ. ಕೋರಮಂಡಲದ ತೀರದ ಬಣ್ಣದ ಹತ್ತಿಬಟ್ಟೆಗಳನ್ನು ಫ್ರೆಂಚರು 'ಅಂದಿಯೆನ್', ಎಂದರೆ ಹಿಂದೂಸ್ಥಾನದವು ಎಂದೇ ಕರೆಯುತ್ತಿದ್ದರು; ಸ್ವದೇಶದ ನೇಕಾರರ ಹಿತಕ್ಕಾಗಿ 1686ರಿಂದ 1759ರವರೆಗೆ ಇವುಗಳ ಮಾರಾಟ ಆ ದೇಶದಲ್ಲಿ ನಿಷಿದ್ಧವಾಗಿತ್ತು; ಆ ನಿಷೇಧ ತೆರವಾದ ಮೇಲೆ ನಾಂತಿನಲ್ಲಿಯೇ ಇವುಗಳ ಅನುಕರಣದ ಅಚ್ಚುಬಟ್ಟೆಯ ಕಾರ್ಖಾನೆಗಳು ತಲೆಯೆತ್ತಿದುವು. ಈ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಹಡಗು ಆಫ್ರಿಕೆಯ ತೀರಕ್ಕೆ ಹೋಗುತ್ತಿತ್ತು. ಅಲ್ಲಿ ಬಟ್ಟೆಯನ್ನು ಕೊಟ್ಟು ಮನುಷ್ಯರನ್ನು ಕೊಂಡು, ಅವರನ್ನು ಒಡಲಿನ ಕತ್ತಲಲ್ಲಿ ಸಂಕಲೆಯಿಟ್ಟು ತುಂಬಿ ಕೆರಿಬಿಯನ್ ದ್ವೀಪಗಳಿಗೆ ಒಯ್ದು ಮಾರಿ, ಸಕ್ಕರೆಯನ್ನು ಹೇರಿಕೊಂಡು ತಾಯೂರಿಗೆ ಮರಳುತ್ತಿತ್ತು. ಊರಿನವರ ಕಣ್ಣಿಗೆ ಬೀಳುತ್ತಿದ್ದುದು ಹೋಗುವ ಬಟ್ಟೆ, ಬರುವ ಸಕ್ಕರೆ, ಇವೆರಡೇ. ನಡುವಣ ಸರಕು ನಾಂತಿನ ಕಟ್ಟೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಫ್ರಾನ್ಸಿನ ಬಂದರುಗಳಲ್ಲೆಲ್ಲ ಈ ವ್ಯಾಪಾರದಲ್ಲಿ ಮೊದಲನೆಯದಾಗಿದ್ದ ಈ ನಗರ ಆ ಮಾತನ್ನು ಬಹುಕಾಲ ನುಂಗಿಕೊಂಡೇ ಇತ್ತು. 1992ರಲ್ಲಿ ಬ್ರಿಟನಿಯ ಡ್ಯೂಕರ ಕೋಟೆಯಲ್ಲಿ ಏರ್ಪಟ್ಟ ಪ್ರದರ್ಶನವೊಂದು ಮೊದಲು ಬಾಯಿ ತೆರೆಸಿತು. 2012ರಲ್ಲಿ ಫೋಸ್ ಕಟ್ಟೆಯ ಮೇಲೆ, ನದಿಗೆ ಮುಖಮಾಡಿ, ದಾಸ್ಯನಿರ್ಮೂಲನದ ಸ್ಮಾರಕ ಸ್ಥಾಪಿತವಾಯಿತು. ಅಲ್ಲಿ ನೆಲದಲ್ಲಿ ಹುದುಗಿಸಿದ 2,000 ಗಾಜಿನ ಫಲಕಗಳಲ್ಲಿ 1,710 ಫಲಕಗಳು ನಾಂತಿನಿಂದ ಹೊರಟ ದಾಸವ್ಯಾಪಾರದ ನೌಕಾಯಾತ್ರೆಗಳನ್ನು ಹೆಸರಿಸುತ್ತವೆ. ಆ ಫಲಕಗಳ ನಡುವೆ ಹೆಜ್ಜೆಯಿಡುವಾಗ ಕಾಲು ತಾನಾಗಿ ನಿಧಾನವಾಗುತ್ತದೆ.

ಹಡಗಿನ ವ್ಯಾಪಾರವಿದ್ದಲ್ಲಿ ಹಡಗು ಕಟ್ಟುವ ಉದ್ಯಮವೂ ಇರುವುದು ಸಹಜವಷ್ಟೆ. ಮರದ ಹಡಗಿನ ಕಾಲ ಕಳೆದು ಉಕ್ಕಿನ ಹಡಗಿನ ಕಾಲ ಬಂದಮೇಲೆ ನಡುಗಡ್ಡೆಯ ಪಶ್ಚಿಮದ ತುದಿಯಲ್ಲಿ ದೊಡ್ಡ ಕಾರ್ಖಾನೆಗಳು ಬೆಳೆದು, ಬೆಸುಗೆಗಾರರು, ಬಡಗಿಗಳು, ತಗಡು ಬಾಗಿಸುವವರು, ರಿವೆಟ್ ಬಡಿಯುವವರು, ನಕ್ಷೆಗಾರರು ಇವರ ಸಾವಿರಾರು ಕುಟುಂಬಗಳಿಗೆ ಅನ್ನದ ಆಧಾರವಾದುವು. ಆದರೆ ಹಡಗುಗಳ ಗಾತ್ರ ಹೆಚ್ಚುತ್ತ ಹೋದಂತೆ ಹೂಳು ತುಂಬುವ ಈ ನದಿ ಅವಕ್ಕೆ ಸಾಲದಾಯಿತು. ಕೆಲಸವೆಲ್ಲ ನದೀಮುಖದ ಸೇಂಟ್ ನಜೇರ್ ಕಡೆಗೂ, ಅಲ್ಲಿಂದಾಚೆಗೆ ಪೂರ್ವದೇಶಗಳ ಕಡೆಗೂ ಹರಿದುಹೋಯಿತು. ಸಂಸ್ಥೆಗಳು ಕೂಡಿ ಒಂದಾದುವು; ಕೊನೆಗೆ ಉಳಿದ ದ್ಯುಬಿಜೋನ್ ಸಂಸ್ಥೆ 1986ರಲ್ಲಿ 'ಬೂಗೆನ್‌ವಿಲ್' ಎಂಬ ನೌಕಾದಳದ ಹಡಗನ್ನು ನೀರಿಗಿಳಿಸಿ, ಮರುವರ್ಷ, ಎಂದರೆ 1987ರಲ್ಲಿ, ಬಾಗಿಲು ಮುಚ್ಚಿತು. ಲೋಕಸಂಚಾರಿಯಾದ ನಾವಿಕನೊಬ್ಬನ ಹೆಸರು ಹೊತ್ತು ಕಡೆಯ ಹಡಗು ತೆರಳಿತು, ಕಟ್ಟಿದವರು ದಡದಲ್ಲಿ ಉಳಿದರು.

ಉಳಿದವರು ಸುಮ್ಮನೆ ಕೂಡಲಿಲ್ಲವೆಂಬುದೇ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಕಾರ್ಖಾನೆಯನ್ನು ಕಿತ್ತು ಗುಜರಿಗೆ ಹಾಕುವ ಕೆಲಸ ಮೊದಲಾದಾಗ, ಹಳೆಯ ಕೆಲಸಗಾರರು ಕೂಟ ಕಟ್ಟಿಕೊಂಡು, ಹಡಗುಗಳನ್ನು ಜಾರಿಸುತ್ತಿದ್ದ ಇಳಿಜಾರು ಕಟ್ಟೆಗಳೂ, ಟೈಟನ್ ಎಂಬ ಭಾರಿ ಹಳದಿ ಕ್ರೇನೂ ನೆಲಸಮವಾಗಬಾರದೆಂದು ವಾದಿಸಿದರು. ಅವರ ಕಸಬಿನ ಉಪಕರಣಗಳೂ ನಕ್ಷೆಗಳೂ ಹಳೆಯ ಕಚೇರಿಯ ಕಟ್ಟಡವೊಂದರಲ್ಲಿ 'ಮನುಷ್ಯರ ಮತ್ತು ಕೌಶಲಗಳ ಮನೆ' ಎಂಬರ್ಥದ ಹೆಸರಿನಿಂದ ಈಗಲೂ ಕಾಪಾಡಲ್ಪಟ್ಟಿವೆ. ಅರಮನೆ ಕೋಟೆಗಳನ್ನು ಉಳಿಸಿಕೊಳ್ಳಲು ಹೋರಾಡಿದವರ ಕಥೆ ಎಲ್ಲ ದೇಶಗಳಲ್ಲಿಯೂ ಉಂಟು. ತಾವು ಬೆವರು ಸುರಿಸಿದ ಕ್ರೇನೊಂದನ್ನು ಅರಮನೆಯಷ್ಟೇ ಪೂಜ್ಯವೆಂದು ಸಾಧಿಸಿದವರು ವಿರಳ. ಉಕ್ಕಿನ ತೊಲೆಗಳ ಮೇಲೆ ಗಾಜಿನ ಮಾಡು ಹೊತ್ತ ಕೆಲವು ಭಾರಿ ಅಂಗಣಗಳೂ ಹೀಗೆಯೇ ಉಳಿದುಕೊಂಡುವು. ಅವನ್ನು 'ನೆಫ್' ಎನ್ನುತ್ತಾರೆ. ಆ ಶಬ್ದಕ್ಕೆ ಚರ್ಚಿನ ನಡುವಂಕಣವೆಂದೂ ಹಳೆಯ ಫ್ರೆಂಚಿನಲ್ಲಿ ಹಡಗೆಂದೂ ಅರ್ಥ. ಅದು ಲ್ಯಾಟಿನ್ನಿನ 'ನಾವಿಸ್' ಎಂಬುದರಿಂದ ಬಂದದ್ದಾದುದರಿಂದ ನಮ್ಮ ನಾವೆಗೆ ದಾಯಾದಿಯಾಗಬೇಕು. ನಾವೆ ಹೋಯಿತು, ನೆಫ್ ಉಳಿಯಿತು. ಅದರೊಳಗೆ ಏನನ್ನು ತುಂಬುವುದೆಂಬ ಪ್ರಶ್ನೆಯೂ ಉಳಿಯಿತು.

ಉತ್ತರ ಒಂದು ಲೆಕ್ಕದಲ್ಲಿ 1880ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಜೂಲ್ಸ್ ವರ್ನ್ 1828ರ ಫೆಬ್ರವರಿ 8ರಂದು ಜನಿಸಿದುದು ಈ ನಾಂತಿನ ಫೇದೋ ದ್ವೀಪದಲ್ಲಿ. ಈಗ ಅದು ದ್ವೀಪವಲ್ಲ, ಸುತ್ತಣ ಕವಲುಗಳನ್ನು 1926ರಿಂದಾಚೆಗೆ ಮುಚ್ಚಿಬಿಟ್ಟರು, ಆದರೆ ಹಡಗೊಡೆಯರ ಮನೆಗಳ ಕಿಟಕಿಗಳ ಮೇಲೆ ಕೆತ್ತಿದ ಕಲ್ಲಿನ ಮುಖಗಳು ಇಲ್ಲದ ನೀರನ್ನು ಇನ್ನೂ ನೋಡುತ್ತಿವೆ. ಹನ್ನೊಂದು ವರ್ಷದ ಹುಡುಗ ವರ್ನ್ ತನ್ನ ಸೋದರಸಂಬಂಧಿಯಾದ ಕಾರೊಲೀನಳಿಗೆ ಹವಳದ ಸರ ತಂದುಕೊಡಬೇಕೆಂದು ಹಿಂದೂಸ್ಥಾನಕ್ಕೆ ಹೊರಟ ಹಡಗೊಂದನ್ನು ಗುಟ್ಟಾಗಿ ಹತ್ತಿದನೆಂದೂ, ತಂದೆ ಬೆನ್ನಟ್ಟಿ ಹೋಗಿ ಕೆಳಗಿಳಿಸಿಕೊಂಡು ಬಂದನೆಂದೂ ಅವನ ಬಂಧುವರ್ಗದ ಲೇಖಿಕೆಯೊಬ್ಬಳು 1928ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಹೇಳಿದ್ದಾಳೆ. ಈಚಿನ ವಿದ್ವಾಂಸರು ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಕಥೆ ಸುಳ್ಳಾದರೂ ದಿಕ್ಕು ಸರಿಯಾಗಿದೆ. ಏಕೆಂದರೆ ಜೀವಮಾನದಲ್ಲಿ ನಮ್ಮ ನೆಲವನ್ನು ಮೆಟ್ಟದ ಆ ಗ್ರಂಥಕರ್ತನು 1880ರಲ್ಲಿ 'ಉಗಿಯ ಮನೆ' ಎಂಬ ಅರ್ಥದ ಕಾದಂಬರಿಯೊಂದನ್ನು ಬರೆದು, ಭೂತಾನದ ರಾಜನೊಬ್ಬನ ಅಪೇಕ್ಷೆಯಂತೆ ಬ್ಯಾಂಕ್ಸ್ ಎಂಬ ಎಂಜಿನಿಯರನು ನಿರ್ಮಿಸಿದ ಉಕ್ಕಿನ ಆನೆಯನ್ನು, ಸೊಂಡಿಲಿನಿಂದ ಹೊಗೆ ಕಾರಿಸುತ್ತ, ಹಿಂದೆ ಎರಡು ಗಾಲಿಮನೆಗಳನ್ನು ಎಳೆಸುತ್ತ, 1857ರ ದಂಗೆಯ ಗಾಯ ಆರದ ಉತ್ತರಹಿಂದೂಸ್ಥಾನದ ಹಾದಿಗಳಲ್ಲಿ ನಡೆಸಿದನು. ನಿಜವಾದ ಆನೆಗಳೊಡನೆ ಅದಕ್ಕೆ ಜಗ್ಗಾಟವೂ ಆಗುತ್ತದೆ. ಗೆಲ್ಲುವುದು ಯಾವುದೆಂದು ಆ ಶತಮಾನದ ಐರೋಪ್ಯ ಕಾದಂಬರಿಯನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಕಡೆಗೆ ಬಾಯ್ಲರು ಸಿಡಿದು ಉಕ್ಕಿನಾನೆ ಅಳಿಯುತ್ತದೆ. ಉಗಿ ಕಾಣುತ್ತದೆ, ಉರಿ ಕಾಣುವುದಿಲ್ಲ. ಹೊಟ್ಟೆಯೊಳಗಿನ ಕಿಚ್ಚನ್ನು ಮುಚ್ಚಿಟ್ಟುಕೊಂಡು ದಾರಿಯ ಜನರನ್ನು ಬೆರಗುಗೊಳಿಸಿದ ಈ ಪ್ರಾಣಿ, ವೇಷ ಬೇರೆಯಾದರೂ, ಪ್ರದ್ಯೋತನ ಆನೆಯ ವಂಶದ್ದೇ.

ಇಲ್ಲಿ ಕನ್ನಡಿಗನಿಗೆ ಬೇರೊಂದು ಯಂತ್ರಮೃಗ ನೆನಪಾಗದೆ ಇರದು. ಕಾದಂಬರಿಯ ನಾಯಕನ ಹೆಸರು ಕರ್ನಲ್ ಮನ್ರೊ. ಹೈದರನೊಡನೆ ಕಾದಿದ್ದ ಸೇನಾನಿ ಹೆಕ್ಟರ್ ಮನ್ರೊನ ಮಗನನ್ನು 1792ರಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಯೊಂದು ಕೊಂದಿತು; ಆ ಸುದ್ದಿಯೇ ಶ್ರೀರಂಗಪಟ್ಟಣದ ಟಿಪ್ಪುಸುಲ್ತಾನನ ಪ್ರಖ್ಯಾತವಾದ ಮರದ ಹುಲಿಗೆ ಪ್ರೇರಣೆಯಾಯಿತೆಂದು ಹಲವರು ಊಹಿಸಿದ್ದಾರೆ. ಹಿಡಿಯನ್ನು ತಿರುವಿದರೆ ಬಿದ್ದ ಸಿಪಾಯಿ ಕೈಯೆತ್ತಿ ನರಳುವ, ಮೇಲೇರಿದ ಹುಲಿ ಗುರುಗುಟ್ಟುವ, ಪಕ್ಕೆಯ ಬಾಗಿಲು ತೆರೆದರೆ ವಾದ್ಯದ ಮನೆಗಳು ಕಾಣುವ ಆ ವಿಚಿತ್ರಸೃಷ್ಟಿ 1799ರಲ್ಲಿ ಕೊಳ್ಳೆಹೋಗಿ ಲಂಡನ್ನು ಸೇರಿತು, ಈಗಲೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ವರ್ನನು ಹೆಸರನ್ನು ಅಲ್ಲಿಂದಲೇ ತೆಗೆದನೆಂದು ನಾನು ವಾದಿಸುವುದಿಲ್ಲ. ಕಾಗೆ ಕೂಡುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಆದರೆ ಒಬ್ಬ ಮನ್ರೊನನ್ನು ಕೆಡಹಿದ ಹುಲಿಯ ನೆನಪೆಂದು ಊಹಿಸಲಾದ ಯಂತ್ರಮೃಗವನ್ನು ಕಾವೇರಿಯ ದ್ವೀಪದ ಅರಸನು ಮಾಡಿಸಿದನು, ಇನ್ನೊಬ್ಬ ಮನ್ರೊನನ್ನು ಹೊತ್ತು ನಡೆಯುವ ಯಂತ್ರಮೃಗವನ್ನು ಲ್ವಾರ್ ದ್ವೀಪದ ಕೂಸು ಕಲ್ಪಿಸಿತು ಎಂಬುದಿಷ್ಟು ಮಾತ್ರ ನಿಜ.

ಫ್ರೆಂಚರಿಗೆ ಆನೆಯ ಹುಚ್ಚು ವರ್ನನಿಂದಲೇ ಹಿಡಿದದ್ದೇನೂ ಅಲ್ಲ. ನೆಪೋಲಿಯನ್ನನು ಪ್ಯಾರಿಸಿನ ಬಾಸ್ತೀಯ್ ಚೌಕದಲ್ಲಿ ಗೆದ್ದ ಫಿರಂಗಿಗಳ ಕಂಚಿನಿಂದ ಆನೆಯೊಂದನ್ನು ಎರಕಹೊಯ್ಯಿಸಬೇಕೆಂದಿದ್ದನು. ಕಂಚು ಬರಲೇ ಇಲ್ಲ, ಮಾದರಿಗೆಂದು ಮಾಡಿದ ಗಾರೆಯ ಆನೆ 1846ರವರೆಗೆ ಮಳೆಯಲ್ಲಿ ಕರಗುತ್ತ ನಿಂತು ಇಲಿಗಳ ಮನೆಯಾಯಿತು. ಅದರ ಹೊಟ್ಟೆಯಲ್ಲಿ ಬೀದಿಯ ಹುಡುಗನೊಬ್ಬನಿಗೆ ವಿಕ್ಟರ್ ಹ್ಯೂಗೊ ಮಹಾಶಯನು ಬಿಡಾರ ಮಾಡಿಕೊಟ್ಟದ್ದನ್ನು ಓದಿದವರು ಮರೆತಿರಲಾರರು. ಅದಕ್ಕೂ ಹಿಂದೆ ವೋಕಾನ್ಸನ್ ಎಂಬ ಯಂತ್ರಶಿಲ್ಪಿ ಕಾಳು ತಿಂದು ಜೀರ್ಣಿಸಿ ವಿಸರ್ಜಿಸುವ ತಾಮ್ರದ ಬಾತುಕೋಳಿಯನ್ನು ತೋರಿಸಿ ಯೂರೋಪನ್ನೆಲ್ಲ ಬೆಚ್ಚಿಬೀಳಿಸಿದ್ದನು. ಜೀರ್ಣಕ್ರಿಯೆ ಸುಳ್ಳು; ವಿಸರ್ಜಿಸುವುದಕ್ಕೆ ಬೇಕಾದುದನ್ನು ಮೊದಲೇ ಬೇರೊಂದು ಗುಪ್ತವಾದ ಅರೆಯಲ್ಲಿ ತುಂಬಿಡುತ್ತಿದ್ದನು!

ಇನ್ನು ನಮ್ಮ ಆನೆಯ ಕಡೆಗೆ ಹಿಂದಿರುಗೋಣ. 'ರೊಯಾಲ್ ದ ಲ್ಯೂಕ್ಸ್' ಎಂಬ ಬೀದಿನಾಟಕದ ಮೇಳವನ್ನು ಝಾನ್ ಲ್ಯುಕ್ ಕೂರ್ಕೂ ಎಂಬಾತನು 1979ರಲ್ಲಿ ದಕ್ಷಿಣದ ಎಕ್ಸ್ ಪಟ್ಟಣದಲ್ಲಿ ಕಟ್ಟಿ, ಹತ್ತು ವರ್ಷಗಳಾದಮೇಲೆ ಕಾರ್ಖಾನೆ ಮುಚ್ಚಿ ಮಂಕು ಕವಿದಿದ್ದ ನಾಂತಿಗೆ ಬಂದು ನೆಲಸಿದನು. ಹಗ್ಗಗಳಿಂದಲೂ ಕ್ರೇನುಗಳಿಂದಲೂ ಆಡಿಸುವ ದೈತ್ಯಬೊಂಬೆಗಳನ್ನು ಊರಿನ ಬೀದಿಗಳಲ್ಲಿಯೇ ದಿನಗಟ್ಟಲೆ ನಡೆಸಿ, ನಿದ್ದೆಮಾಡಿಸಿ, ಎಬ್ಬಿಸಿ ಕಥೆ ಹೇಳುವುದು ಅವರ ಕ್ರಮ. ಬೊಂಬೆಯನ್ನು ಎಳೆಯುವ ಹತ್ತಾರು ಮಂದಿ ಕೆಂಪು ಅಂಗಿ ತೊಟ್ಟು ಎಲ್ಲರಿಗೂ ಕಾಣುವಂತೆಯೇ ಹಗ್ಗಕ್ಕೆ ಜೋತುಬೀಳುತ್ತಾರೆ. ನಮ್ಮ ರಥೋತ್ಸವದಲ್ಲಿ ಮಿಣಿ ಹಿಡಿದು ಎಳೆದವರಿಗೆ ಇದು ಒಡನೆಯೇ ಅರ್ಥವಾದೀತು: ತೇರನ್ನು ಎಳೆಯುತ್ತಿರುವವನು ತಾನೇ ಎಂಬ ಅರಿವಿನಿಂದ ತೇರಿನ ಮಹಿಮೆ ಯಾರಿಗೂ ಕುಂದಿಲ್ಲ. ವರ್ನನು ತೀರಿಕೊಂಡ ಶತಮಾನದ ನೆನಪಿಗೆಂದು ಈ ಮೇಳ 2005ರಲ್ಲಿ ಅವನು ಹುಟ್ಟಿದ ನಾಂತಿನಲ್ಲಿಯೂ ಮಡಿದ ಅಮಿಯೆನಿನಲ್ಲಿಯೂ, ಹಿಂದೂಸ್ಥಾನದ ಸುಲ್ತಾನನೊಬ್ಬನು ಕಾಲದಲ್ಲಿ ಸಂಚರಿಸುವ ಆನೆಯನ್ನೇರಿ ಬರುವ ಪ್ರಸಂಗವನ್ನು ಆಡಿತು; ಮರುವರ್ಷ ಲಂಡನ್ನಿನ ಬೀದಿಗಳೂ ಅದಕ್ಕೆ ತೆರವಾದುವು. ಆ ಸುಲ್ತಾನನು ನಮ್ಮ ಯಾವ ಚರಿತ್ರೆಯಲ್ಲಿಯೂ ಇಲ್ಲ. ಅಚ್ಚುಬಟ್ಟೆಯ ಗಂಟು ಬಿಚ್ಚಿದಂದಿನಿಂದ ಆ ಜನ ನೇಯ್ದುಕೊಂಡ ಕನಸಿನ ಹಿಂದೂಸ್ಥಾನದ ಪ್ರಜೆ ಅವನು. ಹಾಗೆಂದು ನಾವು ಮುನಿಯಬೇಕಾದುದಿಲ್ಲ, ಗುರುತಿಸಿಕೊಂಡರೆ ಸಾಕು.

ಆ ಮೊದಲನೆಯ ಆನೆ ಆಟ ಮುಗಿದ ಮೇಲೆ ಕಳಚಲ್ಪಟ್ಟಿತು. ಆದರೆ ಅದನ್ನು ರೂಪಿಸಿದ್ದ ಫ್ರಾನ್ಸ್ವಾ ದೆಲಾರೋಜಿಯೇರ್, ತನ್ನ ಜೊತೆಗಾರ ಪಿಯೇರ್ ಓರೆಫೀಸನೊಡನೆ ಕೂಡಿ, ನಗರಾಡಳಿತದ ಬೆಂಬಲದಿಂದ ಹಳೆಯ ನೆಫ್‌ಗಳಲ್ಲಿಯೇ ಕಾರ್ಯಾಗಾರ ಹೂಡಿ, ಹೊಸದೊಂದು ಆನೆಯನ್ನು ಕಟ್ಟಿ 2007ರ ಜೂನ್ ಕೊನೆಯಲ್ಲಿ ಜನರ ಮುಂದೆ ನಡೆಸಿದನು. 'ದ್ವೀಪದ ಯಂತ್ರಗಳು' ಎಂದು ಆ ಸ್ಥಳಕ್ಕೆ ಹೆಸರಾಯಿತು. 21 ಮೀಟರು ಉದ್ದ, 8 ಮೀಟರು ಅಗಲ, 48 ಟನ್ನಿಗೂ ಮಿಕ್ಕ ತೂಕವುಳ್ಳ ಈ ಗಜರಾಜನ ಅಸ್ಥಿ ಉಕ್ಕು, ಮಾಂಸ ಅಮೆರಿಕದ ಟುಲಿಪ್ ಮರ, ಕಿವಿಗಳು ತೊಗಲು, ಸ್ನಾಯುಗಳು 62 ಸಿಲಿಂಡರುಗಳು: ಎಣ್ಣೆಯವು 46, ಗಾಳಿಯವು 6, ಅನಿಲದವು 10. 450 ಅಶ್ವಶಕ್ತಿಯ ಎಂಜಿನಿನಿಂದ ಹೊರಟದ್ದಕ್ಕೆ 2018ರಲ್ಲಿ ವಿದ್ಯುತ್ತನ್ನೂ ಕೂಡಿಸಿಕೊಂಡ ಹೊಸ ಹೃದಯವನ್ನು ಜೋಡಿಸಿದರು. ಗಂಟೆಗೆ ಒಂದರಿಂದ ಮೂರು ಕಿಲೋಮೀಟರು ಅದರ ವೇಗ. ಅಂಬಾರಿಯಲ್ಲಿಯೂ ಒಡಲಿನಲ್ಲಿಯೂ ಕೂಡಿ ಸುಮಾರು 50 ಮಂದಿ ಸವಾರಿಮಾಡಬಹುದು. ನಿಜ ಹೇಳಬೇಕೆಂದರೆ ಭಾರವನ್ನು ಹೊರುವುದು ಕೆಳಗಿನ ಗಾಲಿಗಳು, ಕಾಲುಗಳು ನಡಿಗೆಯನ್ನು ಅಭಿನಯಿಸುತ್ತವೆ ಅಷ್ಟೆ. ಆದರೆ ಅಭಿನಯದಲ್ಲಿ ಎಂಥ ವ್ಯಾಸಂಗ! ಪಾದವನ್ನು ಎತ್ತುವ ಮೊದಲು ಮಣಿಕಟ್ಟಿನಲ್ಲಿ ಮಡಿಸಿ, ಮುಂದಕ್ಕೆ ತೂಗಿ, ನೆಲ ಸೋಕುವ ಮುನ್ನ ಒಂದು ಗಳಿಗೆ ಅನುಮಾನಿಸಿ, ಆಮೇಲೆ ಇಳಿಸುವ ಆ ಲಯವನ್ನು ಕಂಡರೆ, ದಸರೆಯ ಮೆರವಣಿಗೆಯನ್ನು ಕಂಡವರು ತಲೆದೂಗದೆ ಇರರು. ಅನುಮಾನಿಸುವ ಆ ಗಳಿಗೆಯಲ್ಲಿಯೇ ಜೀವ ಇದೆ. ಮಿಕ್ಕದ್ದೆಲ್ಲ ಉಕ್ಕು, ಮರ.

ಪಕ್ಕೆಯ ಮರಕ್ಕೆ ಬಣ್ಣ ಬಳಿದು ಚರ್ಮವೆನ್ನಿಸುವ ಯತ್ನವಿಲ್ಲ. ಉಳಿಯ ಗೀರುಗಳು ಹಾಗೆಯೇ ಇವೆ. ಹಲಗೆಗಳನ್ನು ಹಡಗಿನ ಪಕ್ಕೆಯಂತೆ ಬಾಗಿಸಿ ಹೊಂದಿಸಿದ ಬಗೆ ಈ ನಡುಗಡ್ಡೆಗೆ ಹೊಸದಲ್ಲ. ಕಾರ್ಯಾಗಾರದ ಮೇಲ್ಗಡೆಯ ಮೊಗಸಾಲೆಯಿಂದ ಯಾರು ಬೇಕಾದರೂ ಕೆಲಸವನ್ನು ಇಣುಕಿ ನೋಡಬಹುದು: ಒಬ್ಬನು ಕೊಕ್ಕು ಕೆತ್ತುತ್ತಿರುತ್ತಾನೆ, ಒಬ್ಬಳು ಬೆಸುಗೆಯ ಕಿಡಿ ಹಾರಿಸುತ್ತಿರುತ್ತಾಳೆ. ಪಕ್ಕದ ಪ್ರದರ್ಶನಶಾಲೆಯಲ್ಲಿ ಜೇಡ, ಇರುವೆ, ಕಂಬಳಿಹುಳು, ರೆಕ್ಕೆಯಡಿ ತೊಟ್ಟಿಲು ಹೊತ್ತ ಬಕಪಕ್ಷಿ ಮೊದಲಾದುವುಗಳ ಬಳಿ ನಿಂತ ಯಂತ್ರಚಾಲಕರು ನೋಟಕರಲ್ಲಿಯೇ ಕೆಲವರನ್ನು ಕರೆದು ಕೂಡಿಸಿ, ಯಾವ ಹಿಡಿ ಎಳೆದರೆ ಯಾವ ಕಾಲು ಏಳುತ್ತದೆಂದು ಹೇಳಿಕೊಡುತ್ತಾರೆ. ಭೋಜರಾಜನು ಕಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದನೋ ಏನೋ.

2012ರಲ್ಲಿ ನದಿಯ ಅಂಚಿನಲ್ಲಿ 25 ಮೀಟರು ಎತ್ತರದ ಸಮುದ್ರಲೋಕದ ತಿರುಗುಮಂಟಪವೂ ಬಂದಿತು; ಪಾತಾಳ, ನಡುನೀರು, ಅಲೆಯ ಮೇಲ್ಮೈ ಎಂದು ಅದಕ್ಕೆ ಮೂರು ಅಂತಸ್ತು. ಇದೇ ಶಿಲ್ಪಿಯ ಬಳಗದ ಕೈಯಿಂದ ಲಿವರ್‌ಪೂಲಿಗೆ ಜೇಡ, ತುಲೂಸಿಗೆ ಗೂಳಿದಲೆಯ ಅಸುರ, ಕಲೇಗೆ ಡ್ರ್ಯಾಗನ್ ಹೊರಟುಹೋದುವು. ಎಲ್ಲ ಎಣಿಕೆಗಳೂ ಕೈಗೂಡಲಿಲ್ಲ. ಹಳೆಯ ಕಲ್ಲುಗಣಿಯೊಂದರಲ್ಲಿ 35 ಮೀಟರು ಎತ್ತರದ 'ಬಕಪಕ್ಷಿಗಳ ಮರ'ವನ್ನು ನಿಲ್ಲಿಸಿ, ಅದರ ಕೊಂಬೆಗಳ ಮೇಲೆ ಜನ ನಡೆದಾಡುವಂತೆ ಮಾಡಬೇಕೆಂದು ವರ್ಷಗಟ್ಟಲೆ ನಕ್ಷೆ ಬರೆದರು, ಮಾದರಿಗೆಂದು 20 ಮೀಟರಿನ ಒಂದು ಕೊಂಬೆಯನ್ನೂ ಮೊದಲೇ ಕಟ್ಟಿ ಗಿಡ ಬೆಳೆಸಿದರು. ಆದರೆ 35 ಮಿಲಿಯನ್ ಯೂರೋಗಳ ಮೊದಲಿನ ಅಂದಾಜು ಎರಡು ಮಡಿಯನ್ನೂ ಮೀರಿ ಏರಿದಾಗ, 2022ರ ಸೆಪ್ಟೆಂಬರಿನಲ್ಲಿ ನಗರಾಡಳಿತ ಕೈಬಿಟ್ಟಿತು. ಆಗ ಆ ನಗರದಲ್ಲಿ ವಾದವೂ ಮನಸ್ತಾಪವೂ ಬೆಳೆದುವು. ಹಣದ ಲೆಕ್ಕವನ್ನೂ ಆನೆಯ ಒಡಲಿನಂತೆ ತೆರೆದಿಟ್ಟರೆ ಆಗುವುದು ಹೀಗೆಯೇ, ಅದರಲ್ಲಿ ತಪ್ಪು ಕಾಣುವುದು ನನ್ನಿಂದಾಗದು.

ಸಂಜೆಯ ಕಡೆಯ ಸುತ್ತಿನಲ್ಲಿ ಆನೆ ತಿರುಗುಮಂಟಪದ ಬಳಿಯಿಂದ ಮರಳುತ್ತದೆ. ಎಡಬಲಗಳಲ್ಲಿ ಬಿಟ್ಟೂ ಬಿಡದೆ ಮಕ್ಕಳು; ಸೊಂಡಿಲಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿರುತ್ತದೆ. ದೂರದಲ್ಲಿ ಹಳದಿ ಟೈಟನ್ ಕ್ರೇನು, ಎತ್ತುವುದಕ್ಕೇನೂ ಇಲ್ಲದೆ, ಕತ್ತನ್ನು ನದಿಯ ಕಡೆ ಚಾಚಿ ನಿಂತಿರುತ್ತದೆ. ನೆಫ್‌ನ ಗಾಜುಮಾಡಿನ ಕೆಳಗೆ ಬಂದು ನಾಲ್ಕು ಕಾಲುಗಳೂ ಒಂದೊಂದಾಗಿ ನೆಲೆಗೊಂಡಮೇಲೆ ಎಂಜಿನು ನಿಲ್ಲುತ್ತದೆ, ಕಿವಿಗಳು ಇಳಿಬೀಳುತ್ತವೆ, ಒಡಲಿನ ಜನ ಮೆಟ್ಟಿಲಿಳಿದು ಚದುರುತ್ತಾರೆ. ಕೆಲಸದ ಉಡುಪಿನವನೊಬ್ಬನು ಏಣಿ ತಂದು, ಮುಂಗಾಲಿನ ಕೀಲನ್ನು ಒರಸಿ, ಗ್ರೀಸು ಹಚ್ಚಲು ತೊಡಗುತ್ತಾನೆ. ಆಟ ಮುಗಿಯಿತೆಂದು ತಿಳಿದಿದ್ದರೂ ಒಂದು ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಅಲ್ಲಿಯೇ ನಿಂತು, ಆ ಗ್ರೀಸಿನ ಕೈಯನ್ನೂ ಮೇಲಿನ ಕಣ್ಣನ್ನೂ ಸರದಿಯಲ್ಲಿ ನೋಡುತ್ತಿರುತ್ತಾಳೆ.